ಡಬ್ಬದೊಳಗಿನ ಹತ್ತರಿ

ಹೊಸ ಮನೆಯಲ್ಲಿ ಇವತ್ತು ಮರಗೆಲಸದ ಡಬ್ಬ ಬಿಚ್ಚಿದ್ದಾಯ್ತು.

ಮರ ಹೆರೆದು ನಯ ಮಾಡೋ ಹತ್ತರಿಯ ಅಲಗಿನ ಮೇಲೆ ಕಂದು ಚುಕ್ಕೆ, ಸರಿಯಾಗಿ ಡಬ್ಬದ ರಟ್ಟು ತಾಗಿದ್ದ ಕಡೆಯೇ. ರಟ್ಟು ತೇವ ಹಿಡಿದಿಟ್ಟುಕೊಳ್ಳುತ್ತೆ. ಎಣ್ಣೆ ಬಟ್ಟೆ ಸುತ್ತದೆ ಇಡಲೇಬಾರದು.

ಮೇಲ್ಮೇಲಿನ ತುಕ್ಕಾದರೆ ಸೀಮೆಎಣ್ಣೆ, 400 ನಂಬರಿನ ಎಮರಿ ಕಾಗದ ಸಾಕು. ಆದರೆ ಅಲಗಿನ ಬೆನ್ನಲ್ಲಿ, ಅಂದರೆ ಚಪ್ಪಟೆ ಬದಿಯಲ್ಲಿ, ಅಂಚಿಗೇ ತುಕ್ಕಿನ ಗುಳಿ ಬಿದ್ದಿದ್ದರೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲಲ್ಲ. ಗುಳಿ ದಾಟುವವರೆಗೆ 25 ಡಿಗ್ರಿಯಲ್ಲಿ ಸವೆಸಿ, ಆಮೇಲೆ 1000 ನಂಬರಿನ ಸಾಣೆಕಲ್ಲಿನ ಮೇಲೆ ತುದಿಯನ್ನಷ್ಟೇ 30 ಡಿಗ್ರಿಗೆ ಮಸೀಬೇಕು. ಬೆನ್ನ ಕಡೆ ಬೆರಳಾಡಿಸಿದಾಗ ಅಂಚಿನುದ್ದಕ್ಕೂ ಮಸೆದಾಗ ಮಗುಚಿಕೊಂಡ ಲೋಹದ ಸಣ್ಣ ತರಿ ತಾಗಬೇಕು. ಕೂದಲೆಳೆಯಷ್ಟಿರುವ ಈ ಅಂಚು ಇಷ್ಟೊಂದು ಗಮನ ಕೇಳುತ್ತಲ್ಲ, ಅದೇ ನನಗೆ ಇಷ್ಟ.

ಹೊಸ ಮನೆಗೆ ತಂದ ಮರದ ಹಲಗೆಗಳಿಗೆ ಮಾತ್ರ ಅವಸರ ಬೇಡ. ನಡುವೆ ಮರದ ಪಟ್ಟಿ ಕೊಟ್ಟು, ಗಾಳಿಯಾಡೋ ಹಾಗೆ ಎರಡು ವಾರವಾದರೂ ಹೊಸ ಕೋಣೆಯಲ್ಲಿ ಬಿಡಿ. ಇಲ್ಲದಿದ್ದರೆ ಇವತ್ತು ನೇರ ಮಾಡಿದ್ದು ಮುಂದಿನ ವಾರ ಸೊಟ್ಟ.