ಉಬ್ಬುಗನ್ನಡಿ ಚಿತ್ರ: ಕೊನೆಗೂ ಕಿಟಕಿ ಕೂತಿತು

ಉಬ್ಬುಗನ್ನಡಿ ನೋಡಿಕೊಂಡು ಬರೆಯುತ್ತಿರುವ ನನ್ನ ಚಿತ್ರದಲ್ಲಿ, ಮೂರು ಸಲ ಕೆರೆದು ತೆಗೆದ ಕಿಟಕಿ ನಿನ್ನೆ ರಾತ್ರಿ ತನ್ನ ಜಾಗದಲ್ಲಿ ಕೂತಿತು! ಖುಷಿಗೆ ನಿದ್ದೆ ಬರಲಿಲ್ಲ.

ಇಟಲಿಯ ಚಿತ್ರಕಾರ ಪಾರ್ಮಿಜಾನಿನೊ 1524ರಲ್ಲಿ ಉಬ್ಬುಗನ್ನಡಿ ನೋಡಿಕೊಂಡು ಬರೆದ ತನ್ನದೇ ಚಿತ್ರ ನಿಮಗೆಲ್ಲ ಗೊತ್ತಲ್ವಾ. ಮರದ ಉಂಡೆ ಕಡೆಸಿ, ಅರ್ಧಕ್ಕೆ ಸೀಳಿಸಿ, ಆ ಉಬ್ಬಿನ ಮೇಲೇ ಬರೆದ. ಆಗ ಅವನಿಗೆ 21 ವರ್ಷ. ನಾನೂ ಅದೇ ದಾರಿ ಹಿಡಿದಿದ್ದೇನೆ, ಮುಖ ಮಾತ್ರ ನನ್ನದು. ಚಿತ್ರ ಬರೆಯುವ ಮರದ ಗುಮ್ಮಟವನ್ನು ಚನ್ನಪಟ್ಟಣದ ಲೇತ್ ಕೆಲಸದವರೊಬ್ಬರು ಮಾಡಿಕೊಟ್ಟರು. ಅಲ್ಲಿನ ಗೊಂಬೆಗಳಿಗೆ ಬಳಸುವ ಆಲೆ ಮರದಲ್ಲಿ ಅಷ್ಟು ಅಗಲದ ತುಂಡು ಸಿಗಲಿಲ್ಲ ಅಂತ ಬೇರೆ ಮರ ಅಂಟಿಸಿ ಕಡೆದಿದ್ದಾರೆ. ಎಷ್ಟು ನಯ ಅಂದರೆ ಪ್ರೈಮರ್ ಹಚ್ಚಲು ಮನಸ್ಸೇ ಬರಲಿಲ್ಲ.

ಕನ್ನಡಿ ಮಾರಿದವರ ಬಗ್ಗೆ ಹಾಗೆ ಹೇಳಲಾರೆ. ಆನ್‌ಲೈನ್‌ನಲ್ಲಿ ತರಿಸಿದ ಅಕ್ರಿಲಿಕ್ ಕನ್ನಡಿಯ ಒಂದು ಮಗ್ಗುಲು ಪೂರ್ತಿ ಅಲೆ ಅಲೆ. ಫೋನ್ ಮಾಡಿದರೆ, "ಮುಖ ಕಾಣ್ತಿದೆಯಲ್ಲ ಸಾರ್?" ಅಂದರು. ಬದಲಿ ಕನ್ನಡಿ ಬರಲು ಐದು ವಾರ ಹಿಡಿಯಿತು.

ಕೈ ಬರೆಯುವುದೇ ಕಷ್ಟ ಅಂದುಕೊಂಡಿದ್ದೆ. ಕನ್ನಡಿಗೆ ಹತ್ತಿರ ಇರುವುದರಿಂದ ಅದು ಮುಖಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು ಆರಾಮಾಗಿ ಬಂತು. ಅಂಚಿನ ಕಿಟಕಿ ಮಾತ್ರ ಪ್ರತಿ ಸಲವೂ ಒಳಕ್ಕೆ ಸರಿಯುತ್ತಿತ್ತು. ಕನ್ನಡಿಯ ಮುಂದೆ ಸ್ಕೇಲ್ ಹಿಡಿದು ನೇರ ಅಳೆಯುತ್ತಿದ್ದೆ. ಅದೇ ಅಳತೆಯನ್ನು ಮರದ ಮೇಲೆ ಟೇಪ್ ಹಾಸಿ ಗುರುತು ಹಾಕುತ್ತಿದ್ದೆ. ತಪ್ಪಾಗಿದ್ದು ಅಲ್ಲೇ. ಕನ್ನಡಿ, ಗುಮ್ಮಟ ಎರಡರದೂ ಅಗಲ 24 ಸೆಂ.ಮೀ., ನಡುವಿನ ಉಬ್ಬು 6. ನಡುವಿನಿಂದ ಅಂಚಿಗೆ ನೇರ ಅಳೆದರೆ 12, ಉಬ್ಬಿನ ಮೇಲೆ ಟೇಪ್ ಹಾಸಿದರೆ ಹೆಚ್ಚುಕಮ್ಮಿ 14! ನಡುವಿನಿಂದ 5 ಸೆಂ.ಮೀ. ತನಕ ವ್ಯತ್ಯಾಸ 1 ಮಿ.ಮೀ. ಅಷ್ಟೇ. ಅದಕ್ಕೇ ಕಣ್ಣು, ಮೂಗು ಸರಿಯಾಗಿ ಬಂದಿದ್ದವು.

ಈಗ ಎರಡರ ಮೇಲೂ ಒಂದೇ ಥರ ಉಂಗುರಗಳು, ಚಕ್ರದ ಕಡ್ಡಿಗಳಂಥ ಗೆರೆಗಳು. ಎಲ್ಲವನ್ನೂ ಟೇಪ್ ಹಾಸಿಯೇ ಅಳೆದೆ. ಗದ್ದವನ್ನು ಸ್ಟ್ಯಾಂಡ್ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಕಿಟಕಿಯ ಸರಳು ಯಾವ ಗೆರೆಯನ್ನು ಎಲ್ಲಿ ದಾಟುತ್ತದೆ ಅಂತಷ್ಟೇ ನೋಡಿ, ಮರದ ಮೇಲೂ ಅಲ್ಲೇ ಬರೆದೆ. ತಲೆ ಒಂದು ಬೆರಳು ಅಲುಗಿದರೂ ಕೋಣೆಯೆಲ್ಲ ಜರುಗುತ್ತದೆ. ಸ್ಟ್ಯಾಂಡ್ ಬಿಡಬೇಡಿ.

ಇದರ ಮಧ್ಯೆ ಬೇಲೂರಿನ ದರ್ಪಣ ಸುಂದರಿ ತಲೆಗೆ ಹೊಕ್ಕಿದ್ದಾಳೆ. 900 ವರ್ಷದಿಂದ ಕಲ್ಲಿನ ಕನ್ನಡಿ ನೋಡುತ್ತಿದ್ದಾಳೆ. ಅದರಲ್ಲಿ ಏನು ಕಂಡಳು ಅಂತ ಅವಳ ಮುಖ ನೋಡಿಯೇ ನಾವು ತಿಳಿಯಬೇಕು. ಮುಂದಿನ ಸಲ ಬಳಪದ ಕಲ್ಲಿನಲ್ಲಿ ಅವಳ ಕೈ ಮತ್ತು ಕನ್ನಡಿ, ಇಷ್ಟನ್ನೇ ಕೆತ್ತುತ್ತೇನೆ. ಒಳ್ಳೆಯ ತುಂಡು ಎಲ್ಲಿ ಸಿಗುತ್ತದೆ, ಗೊತ್ತಿದ್ದವರು ಹೇಳಿ.

ಕಿಟಕಿ ಒಣಗಲು ಇನ್ನೊಂದು ವಾರ ಬೇಕು. ಎಣ್ಣೆ ಬಣ್ಣ, ಮೇಲೆ ಮಳೆಗಾಲ.