ಸುರಂಗ ತೋಡಿದ್ದು ನಾನೇ

2011ರ ಸೆಪ್ಟೆಂಬರ್ 22, ಗುರುವಾರ. ನಮ್ಮ ಪತ್ರಿಕೆಯ ಡಾಕ್ ಎಡಿಷನ್ (ದೂರದ ಊರುಗಳಿಗೆ ಮೊದಲು ಅಚ್ಚಾಗುವ ಪ್ರತಿ) ಹೋಗಿತ್ತು, ಸಿಟಿ ಮುಖಪುಟ ನನ್ನ ಕೈಲಿತ್ತು. ಹತ್ತೂಮುಕ್ಕಾಲಿಗೆ ಏಜೆನ್ಸಿ ಕಾಪಿ ಬಂತು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನಿಂದ ಹೊರಟ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯವನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ಮುಟ್ಟಿವೆಯಂತೆ. ಬೆಳಕಿನ ವೇಗವನ್ನು ಯಾವುದೂ ಮೀರದು ಅನ್ನುವುದು ಐನ್‌ಸ್ಟೀನ್ ಮಾತು. ಆ್ಯಂಕರ್‌ಗೆ, ಅಂದರೆ ಮುಖಪುಟದ ಬುಡದ ದೊಡ್ಡ ಸುದ್ದಿಗೆ, ಇದಕ್ಕಿಂತ ಇನ್ನೇನು ಬೇಕು? ‘ಬೆಳಕನ್ನೇ ಹಿಂದಿಕ್ಕಿದ ಕಣ: ಐನ್‌ಸ್ಟೀನ್‌ಗೆ ಸೋಲು’ ಅಂತ ನಾಲ್ಕು ಕಾಲಂ ಹೆಡ್ಡಿಂಗ್ ಹಾಕಿದೆ.

ಹನ್ನೊಂದೂವರೆಗೆ ಜಾಹೀರಾತಿನವರು ಓಡಿ ಬಂದರು. ಕಾಲು ಪುಟದ ಜಾಹೀರಾತು, ಈಗಲೇ ಬೇಕು. ಅವರಿಗೆ ಬೇಡ ಅನ್ನುವ ಸಂಪಾದಕರು ನನ್ನ ಸರ್ವೀಸಿನಲ್ಲಿ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಪುಟ ಕಟ್ಟುವ ಕ್ವಾರ್ಕ್ ಹ್ಯಾಂಗ್ ಆಯಿತು (ಕಣದ ಹೆಸರಿಟ್ಟುಕೊಂಡ ಸಾಫ್ಟ್‌ವೇರು ಆವತ್ತೇ ಕೈಕೊಡಬೇಕೇ!). ಅದು ಮತ್ತೆ ತೆರೆಯುವ ಹೊತ್ತಿಗೆ ಪುಟ ಮುದ್ರಣದ ಪ್ಲೇಟ್‌ಗೆ ಹೋಗಲು ಹನ್ನೆರಡೇ ನಿಮಿಷ. ಡೆಸ್ಕಿನ ಹಳೇ ರೂಢಿಯಂತೆ ಕಾಪಿಯನ್ನು ಬುಡದಿಂದ ಕತ್ತರಿಸಿದೆ. ‘ನಮ್ಮ ಅಳತೆಯಲ್ಲಿ ನಮಗೆ ತಪ್ಪು ಸಿಕ್ಕಿಲ್ಲ, ಬೇರೆಯವರೂ ಪರೀಕ್ಷಿಸಲಿ’ ಎಂದು ಈ ಪ್ರಯೋಗ ಮಾಡಿದ ಒಪೆರಾ ತಂಡ ಕೇಳಿಕೊಂಡಿದ್ದು ಆ ಕೊನೆಯ ಎರಡು ಪ್ಯಾರಾದಲ್ಲೇ ಇತ್ತು. ಅನುಮಾನಕ್ಕೆ ಏಜೆನ್ಸಿಯವರು ಕೊಡುವ ಜಾಗ ಯಾವಾಗಲೂ ಬುಡ, ನಮ್ಮ ಕತ್ತರಿ ಶುರುವಾಗುವುದೂ ಅಲ್ಲಿಂದಲೇ.

ಸಾಲದ್ದಕ್ಕೆ ಗ್ರಾಫಿಕ್ ಬೇರೆ. ಕಲಾವಿದ ‘ಇವೆರಡರ ಮಧ್ಯೆ ಏನು ಹಾಕಲಿ?’ ಅಂದ. ನಾನು ಯೋಚನೆಯನ್ನೇ ಮಾಡದೆ ‘ಸುರಂಗ’ ಅಂದೆ. ಆಲ್ಪ್ಸ್ ಕೆಳಗೆ ಒಳ್ಳೇ ನಮ್ಮ ಮೆಟ್ರೊ ಥರ ಸುರಂಗ ಬಂತು.

ಬೆಳಿಗ್ಗೆ ಡ್ಯೂಟಿಯವನು ನಂಬರ್ ಕೊಟ್ಟ, ಕೆಜಿಎಫ್‌ನಿಂದ ಯಾರೋ ಮೂರು ಸಲ ಫೋನ್ ಮಾಡಿದ್ದರು. ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ‘ಏನ್ ಸ್ವಾಮಿ, 730 ಕಿಲೋಮೀಟರ್ ಸುರಂಗ ತೋಡಿದ್ದು ಯಾರು? ನಾವಂತೂ ಅಲ್ಲ! ನ್ಯೂಟ್ರಿನೊಗೆ ದಾರಿ ಬೇಕಾಗಿಲ್ಲ ಸ್ವಾಮಿ, ಬಂಡೆಯಲ್ಲೇ ತೂರಿ ಹೋಗುತ್ತೆ. 1965ರಲ್ಲಿ ನಮ್ಮ ಗಣಿಯೊಳಗೆ ಎರಡು ಕಿಲೋಮೀಟರಿಗೂ ಕೆಳಗೆ ಹಿಡಿದರಲ್ಲ, ಗೊತ್ತಿಲ್ವಾ?’ ಗೊತ್ತಿರಲಿಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಕೋಲಾರದ ಗಣಿಯೂ ಒಂದು. ಕನ್ನಡ ಪತ್ರಿಕೆಯವನಾಗಿ ಅದನ್ನು ಫೋನಿನಲ್ಲಿ ಬೈಸಿಕೊಂಡು ಕಲಿತೆ.

ಆವತ್ತೇ ಇಟಲಿಯ ಸಚಿವೆ ಮರಿಯಾಸ್ಟೆಲ್ಲಾ ಜೆಲ್ಮಿನಿ ಅವರ ಅಭಿನಂದನಾ ಹೇಳಿಕೆಯಲ್ಲೂ ಸರ್ನ್‌ನಿಂದ ಗ್ರಾನ್ ಸಾಸೊಗೆ ಸುರಂಗ ಇತ್ತು. ‘ನಿನ್ನ ಪಾರ್ಟಿಗೆ ಇನ್ನೊಬ್ಬರು ಸೇರಿದರು’ ಎಂದು ಡೆಸ್ಕ್ ಇಡೀ ವಾರ ನಕ್ಕಿತು.

ಆಮೇಲೆ ಕೂತು ಓದಿದೆ. 1987ರಲ್ಲಿ ಸಿಡಿದದ್ದು ಕಂಡ ನಕ್ಷತ್ರದ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು ಮೂರು ಗಂಟೆ ಮುಂಚೆ ಬಂದಿದ್ದವು, ಅದೂ ನಕ್ಷತ್ರದೊಳಗಿಂದ ಬೇಗ ಹೊರಬಿದ್ದದ್ದಕ್ಕೆ. ಒಪೆರಾ ಲೆಕ್ಕ ನಿಜವಾಗಿದ್ದರೆ ಸುಮಾರು ನಾಲ್ಕು ವರ್ಷ ಮುಂಚೆ ಬರಬೇಕಿತ್ತು. ಆ ರಾತ್ರಿ ಭೌತಶಾಸ್ತ್ರ ಓದಿದ ಒಬ್ಬರಿಗೆ ಫೋನ್ ಮಾಡಿದ್ದರೂ ಇದನ್ನು ಹೇಳುತ್ತಿದ್ದರು.

2012ರ ಫೆಬ್ರುವರಿಯಲ್ಲಿ ಗುಟ್ಟು ಹೊರಬಿತ್ತು. ಜಿಪಿಎಸ್ ಸಂಕೇತ ತರುವ ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ, ಸಮಯದ ಲೆಕ್ಕ ತಪ್ಪಿತ್ತು. ಅದೇ ಆ್ಯಂಕರ್ ಜಾಗ ಕೇಳಿದೆ. ‘ಹಳೇ ಸುದ್ದಿ’ ಅಂದರು. ಒಳಪುಟದಲ್ಲಿ ಸಿಂಗಲ್ ಕಾಲಂ ಸಿಕ್ಕಿತು, ಟೆಂಡರ್ ನೋಟಿಸಿನ ಪಕ್ಕ.

ಕೆಜಿಎಫ್ ನಂಬರ್ ಇನ್ನೂ ಇತ್ತು. ಫೋನ್ ಮಾಡಿ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: ‘ಕೇಬಲ್ ಹಾಕಿದ್ದು ಯಾವ ಶಿಫ್ಟಿನವರು?’