ಕಾಗದದ ಮೇಲಿನ ತಾರೀಖು

1987ರ ಆಗಸ್ಟ್‌ನಲ್ಲಿ ಅಪ್ಪ ಶ್ರೀಲಂಕಾಕ್ಕೆ ಹೋದಾಗ ಅದನ್ನು ಯಾರೂ ಯುದ್ಧವೆನ್ನುತ್ತಿರಲಿಲ್ಲ. ಹೋದದ್ದು ಭಾರತದ ಶಾಂತಿಪಾಲನಾ ಪಡೆ. ಜುಲೈ 29ರ ಭಾರತ-ಶ್ರೀಲಂಕಾ ಒಪ್ಪಂದದಂತೆ ತಮಿಳು ಹೋರಾಟಗಾರರು ಶಸ್ತ್ರ ಒಪ್ಪಿಸುತ್ತಾರೆ, ಇವರು ಎಣಿಸಿಕೊಂಡು ಬರುತ್ತಾರೆ ಎಂದೇ ಸೋಮವಾರಪೇಟೆ ಕಡೆಯ ನಮ್ಮ ಹಳ್ಳಿಯಲ್ಲಿ ಮಾತು. ಅಪ್ಪ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ನೆಲಬಾಂಬು ಹುಡುಕಿ ತೆಗೆಯುವುದೂ ಅವರ ಕೆಲಸವೆಂದು ಅವ್ವ ಅಜ್ಜಿಗೆ ಹೇಳಿರಲಿಲ್ಲ. "ರಸ್ತೆ, ಸೇತುವೆ ಕಟ್ಟುತ್ತಾರೆ" ಎಂದಿದ್ದಳು. ಅದೇನೂ ಸುಳ್ಳಲ್ಲ.

ಕಾಗದದಲ್ಲಿ ಅಪ್ಪ ತಾವಿರುವ ಊರಿನ ಹೆಸರು ಬರೆಯುವಂತಿರಲಿಲ್ಲ. ನಾವು ಬರೆಯಬೇಕಾದದ್ದು ಅವರ ನಂಬರು, ಹುದ್ದೆ, ಹೆಸರು, ಯೂನಿಟ್, ಕೊನೆಗೆ ಕೇರಾಫ್ 56 ಎಪಿಒ, ಅಂದರೆ ಸೇನಾ ಅಂಚೆ ಕಚೇರಿ. ಅಷ್ಟಿದ್ದರೆ ಕಾಗದ ದೆಹಲಿಯ ಸೇನಾ ಅಂಚೆಗೆ ಹೋಗಿ, ಅಲ್ಲಿಂದ ಅವರನ್ನು ಹುಡುಕಿಕೊಂಡು ಹೋಗುತ್ತದೆ ಎಂದು ಪೋಸ್ಟ್‌ಮಾಸ್ತರರು ವಿವರಿಸಿದ್ದರು. ದೆಹಲಿಗಿಂತ ಶ್ರೀಲಂಕಾದ ಜಾಫ್ನಾ ನಮಗೆ ಎಷ್ಟೋ ಹತ್ತಿರ. ಶಾಲೆಯ ಭೂಪಟದ ಮೇಲೆ ಗೇಣು ಹಾಕಿ ನೋಡಿ ನನಗೆ ಸಿಟ್ಟೇ ಬಂದಿತ್ತು.

ಅಕ್ಟೋಬರ್ ಎರಡನೆಯ ವಾರ, ಶಸ್ತ್ರ ಒಪ್ಪಿಸಬೇಕಿದ್ದ ಎಲ್‌ಟಿಟಿಇ ಹೋರಾಟಗಾರರ ಜೊತೆಗೇ ನಮ್ಮ ಪಡೆಯ ಕಾಳಗ ಶುರುವಾಯಿತು. ಬೆಳಿಗ್ಗೆ 7.35ಕ್ಕೆ ದೆಹಲಿಯಿಂದ ಬರುವ ಕನ್ನಡ ವಾರ್ತೆ ಕೇಳಲು ಅಕ್ಕಪಕ್ಕದವರೂ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ದೀಪಾವಳಿಯ ವಾರ ಅಪ್ಪನ ಕಾಗದ ಬಂತು. ಅಜ್ಜಿ ಪೋಸ್ಟ್‌ಮ್ಯಾನ್‌ಗೆ ಕಜ್ಜಾಯ ಕೊಟ್ಟಳು. ಅವ್ವ ಮೇಲಿನ ಮೂಲೆಯ ತಾರೀಖನ್ನಷ್ಟೇ ನೋಡಿ ಮಡಚಿಟ್ಟಳು. ಅಕ್ಟೋಬರ್ 6. ಕಾಳಗಕ್ಕೂ ಮೊದಲಿನದು. ಕಾಗದ ಬಂತೆಂದರೆ ಆಳು ಕ್ಷೇಮ ಎಂಬುದು ಊರವರ ಲೆಕ್ಕ. ಆ ತಾರೀಖಿನವರೆಗೆ ಕ್ಷೇಮ ಎಂಬುದು ಅವ್ವನ ಲೆಕ್ಕ. ಈಗಿನ ಸೈನಿಕರ ಹೆಂಡಂದಿರು ಮೊಬೈಲಿನಲ್ಲಿ ನೀಲಿ ಗೆರೆ ಮೂಡಿದ್ದನ್ನು ನೋಡಿ ಉಸಿರುಬಿಡುವಾಗ ಒಂದಿಷ್ಟು ಅಸೂಯೆಯಾಗುತ್ತದೆ. ಆ ಗೆರೆ ಮೂಡದ ಅರ್ಧ ಗಂಟೆ ಅವರಿಗೆ ಹೇಗಿರುತ್ತದೋ, ಅದೂ ಬೇಡ.

ಮುಂದಿನ ಕಾಗದ ನವೆಂಬರಿನಲ್ಲಿ ಬಂತು. ವಿಳಾಸದ ಅಕ್ಷರ ಅಪ್ಪನದಲ್ಲ. ಅಪ್ಪನ 'ಮ' ಹೊಟ್ಟೆ ಬಿಟ್ಟುಕೊಂಡು ಕೂತಿರುತ್ತಿತ್ತು. ಇಲ್ಲಿದ್ದವು ಸಣ್ಣ, ಚೂಪು ಅಕ್ಷರಗಳು. ಅವ್ವ ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಪೋಸ್ಟ್‌ಮ್ಯಾನ್ ಸೈಕಲ್ ಹತ್ತಲಿಲ್ಲ. "ಕೆಟ್ಟ ಸುದ್ದಿಯಾಗಿದ್ದರೆ ತಂತಿ ಬರುತ್ತಿತ್ತು ಅಕ್ಕ, ಒಡೆಯಿರಿ" ಎಂದ. ಕೊನೆಗೆ ನನ್ನ ಕೈಗೆ ಕೊಟ್ಟಳು. ನಾನು ಗೋಂದು ಬಿಡಿಸುವ ಆತುರದಲ್ಲಿ ಒಂದು ಸಾಲನ್ನೇ ಹರಿದೆ.

ತಾರೀಖು ಅಕ್ಟೋಬರ್ 28. ಬರೆದವರು ವಿಜಾಪುರ ಕಡೆಯ ಜೊತೆಗಾರರು, ಹೇಳಿ ಬರೆಸಿದವರು ಅಪ್ಪ. "ವಾಲಿಬಾಲ್ ಆಡುವಾಗ ಬಿದ್ದು ಬಲಗೈ ಉಳುಕಿದೆ, ಗಾಬರಿ ಬೇಡ. ಮೆಣಸಿನ ಬಳ್ಳಿಗೆ ಔಷಧಿ ಹೊಡೆಸಿದಿರಾ?" ಕೆಳಗೆ ಎಡಗೈಯಲ್ಲಿ ಹಾಕಿದ ಅಪ್ಪನ ಸಹಿ, ಒಂದನೆಯ ತರಗತಿ ಮಗುವಿನ ಬರಹದ ಹಾಗೆ ಓರೆಕೋರೆ.

ಅಜ್ಜಿ ವಾಲಿಬಾಲನ್ನು ಶಪಿಸಿದಳು. ಅವ್ವ ಅಂದು ರಾತ್ರಿಯೇ ಇನ್‌ಲ್ಯಾಂಡ್ ತೆಗೆದುಕೊಂಡು ಕುಳಿತಳು. ಬಳ್ಳಿಗೆ ಔಷಧಿ ಹೊಡೆಸಿದ್ದು, ಕಾಫಿ ಕುಯ್ಯಲು ಆಳು ಸಿಗದಿರುವುದು, ನನ್ನ ಗಣಿತದ ಅಂಕ, ಎಲ್ಲವನ್ನೂ ಬರೆದಳು. ಅಜ್ಜಿಗೆ ಹದಿನೈದು ದಿನದಿಂದ ಜ್ವರ ಬಂದು ಹೋಗುತ್ತಿದ್ದುದನ್ನು ಬರೆಯಲಿಲ್ಲ. ಅಂಟಿಸುವ ಮೊದಲು ಅಂಚಿನಲ್ಲಿ ಒಂದು ಸಾಲು ಸೇರಿಸಿದಳು: "ಯುದ್ಧ ಮುಗಿಯುವವರೆಗೆ ವಾಲಿಬಾಲ್ ಆಡಬೇಡಿ."